ಬಾಗಿಲೊಳಗೆ ನೀರು ಬರುವುದೇ, ಸ್ಪೀಕರ್‌ಗೆ ಗೊರಬು ಹೊದಿಸಿ

ಪ್ರಶ್ನೆ: ನಮ್ಮದು ಕುಂದಾಪುರದ ಹತ್ತಿರದ ಊರು. ಆರು ವರ್ಷ ಹಳೆಯ ಹ್ಯಾಚ್‌ಬ್ಯಾಕ್ ಕಾರು. ಎಡಬದಿಯ ಮುಂದಿನ ಬಾಗಿಲ ಸ್ಪೀಕರ್ ಕಳೆದ ಮಳೆಗಾಲದಲ್ಲಿ ಕರಕರ ಎನ್ನಲು ಶುರುಮಾಡಿ ಕೊನೆಗೆ ನಿಂತೇಹೋಯಿತು. ಹೊಸದು ಹಾಕಿಸಿದೆ, ಈ ಮಳೆಗಾಲದಲ್ಲಿ ಅದೂ ಅದೇ ದಾರಿ ಹಿಡಿದಿದೆ. ಬಲಬದಿಯದು ಕಾರಿನ ಜೊತೆಗೇ ಬಂದದ್ದು, ಇನ್ನೂ ಚೆನ್ನಾಗಿದೆ. ಎಡಬಾಗಿಲ ಪವರ್ ವಿಂಡೋ ಮೋಟಾರ್ ಎರಡು ವರ್ಷದ ಹಿಂದೆ ಬದಲಾಯಿಸಿದ್ದೆ. ಸ್ಪೀಕರ್ ಹಿಂದೆ ಸಿಲಿಕಾನ್ ತುಂಬಿ ಪೂರ್ತಿ ಪ್ಯಾಕ್ ಮಾಡಿಕೊಡುತ್ತೇನೆ, ಇಲ್ಲವಾದರೆ ದೋಣಿಗೆ ಹಾಕುವ ಮರೈನ್ ಸ್ಪೀಕರ್ ಹಾಕಿಸಿ ಎಂದು ಅಂಗಡಿಯವರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಬೇಡ. ಉತ್ತರದ ಮುಕ್ಕಾಲು ಪಾಲು ನಿಮ್ಮ ಪ್ರಶ್ನೆಯಲ್ಲೇ ಇದೆ. ಬಲಬಾಗಿಲನ್ನು ಯಾರೂ ಬಿಚ್ಚಿಲ್ಲ, ಆರು ಮಳೆಗಾಲ ಕಂಡರೂ ಅಲ್ಲಿಯ ಸ್ಪೀಕರ್ ಹಾಡುತ್ತಿದೆ. ಎಡಬಾಗಿಲನ್ನು ಮೋಟಾರ್‌ಗಾಗಿ ಬಿಚ್ಚಿದರು. ಆಮೇಲೆ ಸಾಲಾಗಿ ಎರಡು ಹೋದವು. ಸ್ಪೀಕರ್‌ನಲ್ಲಿ ದೋಷ ಹುಡುಕುವ ಮೊದಲು ಬಾಗಿಲು ಬಿಚ್ಚಿದ ಕೈ ಒಳಗೆ ಏನನ್ನು ಅರ್ಧಕ್ಕೆ ಬಿಟ್ಟಿದೆ ಎಂದು ನೋಡಬೇಕು.

ಕಾರಿನ ಬಾಗಿಲಿಗೆ ಹೊರತಗಡು, ಒಳತಗಡು, ಅದರ ಮೇಲೆ ನಮಗೆ ಕಾಣುವ ಪ್ಲಾಸ್ಟಿಕ್ ಟ್ರಿಮ್ ಇರುತ್ತವೆ. ಎರಡು ತಗಡುಗಳ ನಡುವಿನ ಟೊಳ್ಳಿನಲ್ಲಿ ಗಾಜು ಇಳಿದು ಏರುತ್ತದೆ. ಗಾಜಿನ ಬುಡದಲ್ಲಿ ಹೊರಗಡೆ ಕಾಣುವ ಕಪ್ಪು ರಬ್ಬರ್ ಬೀಡಿಂಗ್ ನೀರನ್ನು ಒರೆಸುತ್ತದೆ, ಪೂರ್ತಿ ತಡೆಯುವುದು ಅದರ ಕೆಲಸವಲ್ಲ. ಶೋರೂಮಿನಿಂದ ನಿನ್ನೆ ಬಂದ ಕಾರಿನಲ್ಲೂ ಮಳೆನೀರು ಗಾಜಿನ ಮೈಗುಂಟ ಟೊಳ್ಳಿಗೆ ಇಳಿದೇ ಇಳಿಯುತ್ತದೆ. ಅದು ಸೋರಿಕೆಯಲ್ಲ, ಬಾಗಿಲನ್ನು ಕಟ್ಟಿರುವುದೇ ಹಾಗೆ. ಒಳಗೆ ಬಂದ ನೀರು ತಳದ ಅಂಚಿನ ಮೂರು ನಾಲ್ಕು ಸೀಳುಗಳಿಂದ ರಸ್ತೆಗೆ ಇಳಿದುಹೋಗುತ್ತದೆ.

ಒಳತಗಡಿನಲ್ಲಿ ಮೋಟಾರ್, ಬೀಗ ಕೂರಿಸಲು ಕೈ ತೂರುವಷ್ಟು ದೊಡ್ಡ ಕಿಂಡಿಗಳಿವೆ. ಅವುಗಳಿಂದ ನೀರು ಕಾರಿನೊಳಕ್ಕೆ ಬಾರದಂತೆ ಪ್ಲಾಸ್ಟಿಕ್ ಅಥವಾ ತೆಳು ಫೋಮ್ ಹಾಳೆಯೊಂದನ್ನು ಬ್ಯುಟೈಲ್ ಎಂಬ ಕಪ್ಪು ಅಂಟಿನಿಂದ ಅಂಟಿಸಿರುತ್ತಾರೆ. ಎಂದೂ ಒಣಗದ, ಎಳೆದರೆ ಹಲಸಿನ ಮೇಣದ ಹಾಗೆ ಹಿಗ್ಗುವ ಅಂಟು ಅದು. ಹಾಳೆಯ ಆಚೆ ಒದ್ದೆ, ಈಚೆ ಒಣ. ಸ್ಪೀಕರ್ ಕೂತಿರುವುದು ಈ ಗಡಿಯ ಮೇಲೆ: ಮುಖ ಒಣಗಡೆ, ಬೆನ್ನು ಮಳೆಗೆ. ಕಾರಿನ ಜೊತೆ ಬರುವ ಎಷ್ಟೋ ಸ್ಪೀಕರ್‌ಗಳ ಪ್ಲಾಸ್ಟಿಕ್ ಚಾಸಿಗೆ (ಚೌಕಟ್ಟಿಗೆ) ಬೆನ್ನಿನ ಮೇಲ್ಭಾಗದಲ್ಲಿ ಮನೆಯ ಮಾಡಿನ ಹಾಗೆ ಚಾಚಿದ ಅಂಚೊಂದು ಇರುತ್ತದೆ. ಹೊರಗಿನಿಂದ ಕೊಳ್ಳುವ ದುಂಡು ಸ್ಪೀಕರ್‌ಗೆ ಆ ಮಾಡು ಇರುವುದಿಲ್ಲ. ಹಳೆಯದಕ್ಕಿಂತ ದುಬಾರಿಯ ಹೊಸದು ಬೇಗ ಹೋಗುವುದಕ್ಕೆ ಬಹಳ ಸಲ ಇದೇ ಕಾರಣ.

ಹೋಗುವ ಬಗೆ ಹೀಗೆ. ಸ್ಪೀಕರಿನ ಮುಂದೆ ಕಾಣುವ ಆಲಿಕೆಯಂಥ ಪೊರೆಯೇ ಕೋನ್. ಅದನ್ನು ಅಲುಗಿಸುವ ತಂತಿಸುರುಳಿ, ವಾಯ್ಸ್ ಕಾಯಿಲ್, ಅಯಸ್ಕಾಂತದ ನಡುವಿನ ಕಿರುಗಂಡಿಯಲ್ಲಿ, ಎರಡೂ ಬದಿಗೆ ಅರ್ಧ ಮಿ.ಮೀ.ಗೂ ಕಡಿಮೆ ಜಾಗದಲ್ಲಿ ಓಡಾಡುತ್ತದೆ. ಫೆರೈಟ್ ಅಯಸ್ಕಾಂತಕ್ಕೆ ತುಕ್ಕು ಹಿಡಿಯುವುದಿಲ್ಲ. ಅದರ ಮೇಲೂ ಕೆಳಗೂ ಇರುವ ಕಬ್ಬಿಣದ ಬಿಲ್ಲೆಗಳಿಗೆ ಹಿಡಿಯುತ್ತದೆ. ತುಕ್ಕು ಉಬ್ಬಿ ಕಾಯಿಲ್‌ಗೆ ತಾಗಿದಾಗ ನಿಮಗೆ ಕೇಳಿದ ಆ ಕರಕರ. ಕೋನನ್ನು ಎರಡು ಹೆಬ್ಬೆರಳಿನಿಂದ ಸಮವಾಗಿ, ಮೆಲ್ಲಗೆ ಒತ್ತಿ ಬಿಡಿ. ಸದ್ದಿಲ್ಲದೆ ಹೋಗಿ ಬರಬೇಕು. ಮರಳು ಉಜ್ಜಿದಂತೆ ಕೇಳಿಸಿದರೆ ಆ ಸ್ಪೀಕರಿನ ಕತೆ ಮುಗಿಯಿತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಸರಿಹೋದೀತು ಎಂದುಕೊಳ್ಳಬೇಡಿ. ಆ ಎಣ್ಣೆ ಕೋನನ್ನು ಹಿಡಿದ ಅಂಟನ್ನೇ ಮೆತ್ತಗೆ ಮಾಡುತ್ತದೆ.

ಕೋನ್ ಸರಾಗ ಆಡುತ್ತದೆ ಆದರೆ ಧ್ವನಿ ಇಲ್ಲ ಎನ್ನುವುದಾದರೆ ಎಸೆಯುವ ಮೊದಲು ವೈರ್ ಬಿಡಿಸಿ ಮಲ್ಟಿಮೀಟರ್ ಹಿಡಿಯಿರಿ. 4 ಓಮ್ ಸ್ಪೀಕರ್ ಸಾಮಾನ್ಯವಾಗಿ 3.2ರಿಂದ 3.8 ಓಮ್ ತೋರಿಸುತ್ತದೆ. ಅಷ್ಟು ತೋರಿಸಿದರೆ ಕಾಯಿಲ್ ಬದುಕಿದೆ, ಕೆಟ್ಟಿರುವುದು ವೈರ್ ಕೂರುವ ಟರ್ಮಿನಲ್ ಅಥವಾ ವೈರ್. ಕಡಲ ಕಡೆಯ ಉಪ್ಪುಗಾಳಿಗೆ ವೈರ್ ತುದಿಗೆ ಕೂರಿಸುವ ತಾಮ್ರದ ಲಗ್‌ಗಳ ಮೇಲೆ ಹಸಿರು ಕಿಲುಬು ಕೂರುವುದು ಮಾಮೂಲು. ಕಿಲುಬು ಕೆರೆದು ಹೊಸ ಲಗ್ ಹಾಕಿದರೆ ಸ್ಪೀಕರ್ ಉಳಿಯುತ್ತದೆ.

ಹನಿ ನೀರು ಬೀಳದಿದ್ದರೂ ತೇವ ಬಿಡುವುದಿಲ್ಲ ಎಂಬುದನ್ನೂ ಹೇಳಬೇಕು, ಯಾಕೆಂದರೆ ಸಿಲಿಕಾನ್ ಸಲಹೆ ಸೋಲುವುದು ಇಲ್ಲೇ. ಹೊರಗೆ 30 ಡಿಗ್ರಿ ಬಿಸಿ, ಶೇ 85 ತೇವಾಂಶ ಇರುವಾಗ ಸುಮಾರು 27 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಗಾಳಿಯ ತೇವ ಹನಿಯಾಗಿ ಕೂರುತ್ತದೆ. ನೀವು ಎಸಿಯನ್ನು 22ಕ್ಕೆ ಇಟ್ಟು ಒಂದು ಗಂಟೆ ಓಡಿಸಿದರೆ ಸ್ಪೀಕರಿನ ಮುಖ ತಣ್ಣಗಾಗುತ್ತದೆ, ಅದರ ಲೋಹದ ಚಾಸಿ ಆ ತಂಪನ್ನು ಬೆನ್ನಿಗೂ ಒಯ್ಯುತ್ತದೆ. ಎಸಿ ಕಾರಿನಿಂದ ಇಳಿದಾಗ ಕನ್ನಡಕಕ್ಕೆ ಮಂಜು ಕವಿಯುವ ಹಾಗೆ ಅಲ್ಲೂ ಕವಿಯುತ್ತದೆ. ಇದನ್ನು ತಡೆಯಲು ಆಗುವುದಿಲ್ಲ, ಆರಲು ದಾರಿ ಬಿಡಬಹುದು ಅಷ್ಟೆ. ಬೆನ್ನನ್ನು ಪೂರ್ತಿ ಮುಚ್ಚಿದರೆ ಒಳಗೆ ಸೇರಿದ ತೇವ ಅಲ್ಲೇ ಉಳಿಯುತ್ತದೆ. ಅದರ ಮೇಲೆ, ಹುಳಿ ವಾಸನೆ ಬರುವ ಅಗ್ಗದ ಸಿಲಿಕಾನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ತಾಮ್ರಕ್ಕೂ ಕಬ್ಬಿಣಕ್ಕೂ ಅದು ವಿಷ. ಧ್ವನಿಯ ಲೆಕ್ಕದಲ್ಲೂ ನಷ್ಟವೇ: ಬಾಗಿಲೊಳಗಿನ ಹತ್ತಾರು ಲೀಟರ್ ಗಾಳಿಗೆಂದು ಮಾಡಿದ ಸ್ಪೀಕರನ್ನು ಅರ್ಧ ಲೀಟರಿನ ಡಬ್ಬಿಯೊಳಗೆ ಕೂಡಿಹಾಕಿದರೆ ಕೋನ್ ಆಡಲು ಆಗದೆ ಬೇಸ್ ಸತ್ತುಹೋಗುತ್ತದೆ.

ನಾಟಿ ಗದ್ದೆಗೆ ಇಳಿಯುವವರು ಹೊದೆಯುತ್ತಿದ್ದ ಗೊರಬನ್ನು ನೆನಪಿಸಿಕೊಳ್ಳಿ. ತಲೆ, ಬೆನ್ನು ಮುಚ್ಚುತ್ತದೆ, ಕೆಳಗೆ ತೆರೆದೇ ಇರುತ್ತದೆ. ಮಳೆ ಜಾರುತ್ತದೆ, ಬೆವರೂ ಆರುತ್ತದೆ. ಸ್ಪೀಕರ್‌ಗೆ ಬೇಕಿರುವುದು ಅಂಥದ್ದು. ಆದರೆ ಗೊರಬು ಹೊದಿಸುವುದು ಕೊನೆಯ ಕೆಲಸ. ಮೊದಲು ನೀರಿನ ದಾರಿ ಸರಿಯಾಗಬೇಕು.

ಟ್ರಿಮ್ ಬಿಚ್ಚುವ ಮುಂಚೆಯೇ ಒಂದು ಪರೀಕ್ಷೆ. ಗಾಜು ಪೂರ್ತಿ ಏರಿಸಿ, ಒಂದೆರಡು ಲೀಟರ್ ನೀರನ್ನು ಚೊಂಬಿನಿಂದ ಗಾಜಿನ ಹೊರಮೈ ಮೇಲೆ ಬೀಡಿಂಗ್ ಉದ್ದಕ್ಕೂ ನಿಧಾನ ಸುರಿಯಿರಿ. ಬಹುಪಾಲು ಹೊರಗೇ ಜಾರುತ್ತದೆ. ಒಳಗೆ ಹೋದದ್ದು ಬೇಗನೆ ತಳದ ಸೀಳುಗಳಿಂದ ತೊಟ್ಟಿಕ್ಕಬೇಕು. ಬೀಳದಿದ್ದರೆ, ಅಥವಾ ಬಾಗಿಲನ್ನು ಅಲುಗಿಸಿದಾಗ ಕೊಡದೊಳಗಿನ ನೀರಿನಂತೆ ಗುಳುಗುಳು ಎಂದರೆ, ಸೀಳು ಕಟ್ಟಿದೆ. ಕೆಂಪುಮಣ್ಣು, ತರಗೆಲೆಯ ಚೂರು ಸಾಮಾನ್ಯ ಕಾರಣ. ಇನ್ನೊಂದು ಕಾರಣ ತುಕ್ಕು ಬಾರದಿರಲೆಂದು ಹೊಡೆಸುವ ಆಂಟಿ ರಸ್ಟ್ ಕೋಟಿಂಗ್. ಸೀಳುಗಳಿಗೆ ಟೇಪ್ ಹಚ್ಚದೆ ಹೊಡೆದರೆ ಅದೇ ಅಲ್ಲಿ ಬಿರಡೆಯಾಗುತ್ತದೆ, ತುಕ್ಕಿಗೆಂದು ಕೊಟ್ಟ ದುಡ್ಡಿನಿಂದಲೇ ಬಾಗಿಲ ತಳ ತುಕ್ಕು ಹಿಡಿಯುತ್ತದೆ. ಗಟ್ಟಿ ಕೇಬಲ್ ಟೈ ತೂರಿಸಿ ಆಡಿಸಿ. ಸ್ಕ್ರೂಡ್ರೈವರ್, ಮೊಳೆ ಬೇಡ. ಬಣ್ಣ ಕೆರೆದ ಜಾಗದಿಂದಲೇ ತುಕ್ಕು ಹೊರಡುತ್ತದೆ.

ಬೀಡಿಂಗನ್ನೂ ಬೆರಳಿನಿಂದ ಒತ್ತಿ ನೋಡಿ. ಆರು ವರ್ಷದ ಬಿಸಿಲಿಗೆ ಅದು ಗಟ್ಟಿಯಾಗಿ, ಮಿರರ್ ಕಡೆಯ ತುದಿಯಲ್ಲಿ ಗಿಡ್ಡವಾಗಿರುತ್ತದೆ. ಗಾಜಿಗೂ ಅದಕ್ಕೂ ನಡುವೆ ಬೆಳಕು ಕಂಡರೆ ಬದಲಾಯಿಸಿ.

ಇನ್ನು ಬಿಚ್ಚುವ ಕೆಲಸ. ಬ್ಯಾಟರಿಯ ನೆಗೆಟಿವ್ ತೆಗೆದು ಐದು ನಿಮಿಷ ಬಿಡಿ. ಹಿಡಿಕೆಯ ಬಟ್ಟಲೊಳಗೆ, ಒಳಹ್ಯಾಂಡಲ್ ಹಿಂದೆ ಅಡಗಿರುವ ಸ್ಕ್ರೂಗಳನ್ನು ಮೊದಲು ತೆಗೆದು, ತಳದಿಂದ ಶುರುಮಾಡಿ ಪ್ಲಾಸ್ಟಿಕ್ ಪಟ್ಟಿಯಿಂದ ಕ್ಲಿಪ್‌ಗಳನ್ನು ಒಂದೊಂದಾಗಿ ಎಬ್ಬಿಸಿ. ಒಂದೆರಡು ಕ್ಲಿಪ್ ಮುರಿದೇ ಮುರಿಯುತ್ತವೆ, ಆರೆಂಟು ಹೊಸವು ಕೈಯಲ್ಲಿರಲಿ. ಸೈಡ್ ಏರ್‌ಬ್ಯಾಗ್ ಇರುವ ಕೆಲವು ಕಾರುಗಳಲ್ಲಿ ಬಾಗಿಲೊಳಗೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಡಿಕ್ಕಿಯಾದಾಗ ಟೊಳ್ಳಿನ ಒತ್ತಡ ತಟ್ಟನೆ ಏರುವುದನ್ನು ಅದು ಗುರುತಿಸಬೇಕು. ಅಂಥ ಬಾಗಿಲ ಹಾಳೆ ಹರಿದಿದ್ದರೆ, ಹೊಸ ತೂತು ಕೊರೆದರೆ, ಸಮಸ್ಯೆ ಸ್ಪೀಕರ್‌ಗೆ ಮುಗಿಯುವುದಿಲ್ಲ. ಆ ಸೆನ್ಸರ್ ಇದ್ದರೆ ಕಂಪನಿಯ ಹಾಳೆಯನ್ನೇ ತರಿಸಿ ಹಾಕಿ.

ಟ್ರಿಮ್ ಬಂದ ಮೇಲೆ ಏನು ಕಾಣುತ್ತದೆ ಎಂದು ಹೆಚ್ಚುಕಡಿಮೆ ಈಗಲೇ ಹೇಳಬಹುದು. ಮೋಟಾರ್ ಇರುವ ಕಡೆ ಹಾಳೆಯನ್ನು ಬ್ಲೇಡಿನಿಂದ ಕೊಯ್ದಿರುತ್ತಾರೆ, ಇಲ್ಲವೇ ಕಿತ್ತು ರಬ್ಬರ್ ಅಂಟು ಬಳಿದು ಮತ್ತೆ ಒತ್ತಿರುತ್ತಾರೆ. ಆ ಅಂಟು ಒಂದು ಬೇಸಿಗೆಗೆ ಒಣಗಿ ಸಿಪ್ಪೆಯೇಳುತ್ತದೆ. ಹಾಳೆಯ ಕೆಳಅಂಚನ್ನು ನೋಡುವುದು ಎಲ್ಲಕ್ಕಿಂತ ಮುಖ್ಯ. ಅನೇಕ ಬಾಗಿಲುಗಳಲ್ಲಿ ಅದು ಒಳತಗಡಿನ ಸೀಳೊಂದರಲ್ಲಿ ತೂರಿ ಟೊಳ್ಳಿನ ಕಡೆಗೆ ಇಳಿಬಿದ್ದಿರಬೇಕು, ಹಾಳೆ ಮೇಲೆ ಜಾರಿ ಬಂದ ನೀರು ವಾಪಸು ಒದ್ದೆಗಡೆಗೇ ಹೋಗಲೆಂದು. ಅದನ್ನು ಹೊರಗೆ ಬಿಟ್ಟು ಅಂಟಿಸಿದರೆ ಅದೇ ನೀರು ಟ್ರಿಮ್ ಒಳಗೆ, ಅಲ್ಲಿಂದ ಕಾರ್ಪೆಟ್ ಮೇಲೆ. ಮಂಗಳೂರು ಹೆಂಚು ಹೊದಿಸಿದವರಿಗೆ ಹೇಳಿಕೊಡಬೇಕಾಗಿಲ್ಲ: ಮೇಲಿನದರ ತುದಿ ಕೆಳಗಿನದರ ಮೇಲೆ ಬರಬೇಕು.

ಸಣ್ಣ ಹರಕಾದರೆ ಎರಡೂ ಬದಿಗೆ ತೇಪೆ ಇಟ್ಟು ಬ್ಯುಟೈಲಿನಿಂದ ಒತ್ತಿದರೆ ಸಾಕು. ಹೆಚ್ಚು ಹೋಗಿದ್ದರೆ ಹಳೆಯದನ್ನೇ ಅಳತೆಗಿಟ್ಟು ಹೊಸ ಹಾಳೆ ಕತ್ತರಿಸಿ. ಅಡಿಕೆ ಒಣಗಿಸಲು ಕಟ್ಟುವ ಪ್ಲಾಸ್ಟಿಕ್ ಮನೆಗೆ ಹೊದಿಸುವ 200 ಮೈಕ್ರಾನ್ ಶೀಟ್ ಇದಕ್ಕೆ ಹೇಳಿ ಮಾಡಿಸಿದ್ದು, ನಿಮ್ಮ ಕಡೆ ಎಲ್ಲ ಕೃಷಿ ಅಂಗಡಿಯಲ್ಲೂ ಸಿಗುತ್ತದೆ. ಬ್ಯುಟೈಲ್ ಟೇಪ್ ಹೆಡ್‌ಲೈಟ್ ಬಿಚ್ಚಿ ಕೂಡಿಸುವವರ ಬಳಿ ಕೇಳಿ. 6ರಿಂದ 8 ಮಿ.ಮೀ. ದಪ್ಪದ ಹುರಿ ಒಂದು ಬಾಗಿಲಿಗೆ ಸುಮಾರು 3 ಮೀಟರ್ ಬೇಕು. ಹಳೆಯ ಬ್ಯುಟೈಲ್ ತೆಗೆಯಲು ಅದರದೇ ಉಂಡೆಯನ್ನು ಒತ್ತಿ ಎಳೆಯಿರಿ, ಕಲೆ ಕಲೆಯಾಗಿ ಎದ್ದುಬರುತ್ತದೆ. ಉಳಿದ ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ತಗಡು ಕಾಗದದಷ್ಟು ಒಣಗಿರಬೇಕು. ತೇವದ ಮೇಲೆ ಬ್ಯುಟೈಲ್ ಹಿಡಿಯುವುದಿಲ್ಲ. ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಹೇರ್ ಡ್ರೈಯರ್‌ನಿಂದ ತಗಡನ್ನು ಬೆಚ್ಚಗೆ ಮಾಡಿಕೊಳ್ಳಿ. ಮೃಗಶಿರ ಮಳೆ ಹಿಡಿಯುವ ಮುನ್ನ, ಮೇ ತಿಂಗಳಲ್ಲಿ ಮುಗಿಸುವುದು ಜಾಣತನ. ಬೀಗದ ಕೇಬಲ್, ವೈರ್‌ಗಳು ಹಾಳೆಯನ್ನು ತೂರಿ ಬರುವ ಕಡೆ ಸುತ್ತಲೂ ಸ್ವಲ್ಪ ಬ್ಯುಟೈಲ್ ಮೆತ್ತಿ. ನೀರಿಗೆ ಕೇಬಲ್ ಎಂದರೆ ಕಾಲುದಾರಿ.

ಟ್ರಿಮ್ ಮುಚ್ಚುವ ಮೊದಲು ಇನ್ನೊಂದು ಸಲ ಪರೀಕ್ಷೆ. ಹಾಳೆಯ ಒಳಮೈ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಹೊರಗಿನಿಂದ ಪೈಪಿನ ನೀರನ್ನು ಒತ್ತಡವಿಲ್ಲದೆ ಐದು ನಿಮಿಷ ಬಿಡಿ. ಎಲ್ಲಿ ಸೋರಿದರೂ ಪೌಡರ್ ಮೇಲೆ ಗೆರೆ ಬೀಳುತ್ತದೆ. ಆ ಗೆರೆ ಹಿಡಿದು ಮೇಲಕ್ಕೆ ಹೋದರೆ ಸೋರುವ ಜಾಗ ಸಿಗುತ್ತದೆ.

ಈಗ ಸ್ಪೀಕರ್. ಹೊಸ ಸ್ಪೀಕರನ್ನು ಸರಿಹೊಂದಿಸಲು ಅಂಗಡಿಯವರು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯ ಬಳೆ ಹಾಕಿದ್ದರೆ ತೆಗೆದುಹಾಕಿ. ಎಂಡಿಎಫ್ ನೀರು ಕುಡಿದು ಅವಲಕ್ಕಿಯ ಹಾಗೆ ಉಬ್ಬುತ್ತದೆ, ಸ್ಕ್ರೂ ಸಡಿಲಾಗುತ್ತದೆ, ಸ್ಪೀಕರ್ ಅದುರುತ್ತದೆ. ಎಬಿಎಸ್ ಅಥವಾ ಎಚ್‌ಡಿಪಿಇ ಪ್ಲಾಸ್ಟಿಕ್ ಬಳೆ ಹಾಕಿ. ತಗಡಿಗೂ ಬಳೆಗೂ ನಡುವೆ ಒಂದು, ಬಳೆಗೂ ಸ್ಪೀಕರ್‌ಗೂ ನಡುವೆ ಇನ್ನೊಂದು ಸುತ್ತು ಫೋಮ್ ಟೇಪ್ ಬರಬೇಕು: 3ರಿಂದ 5 ಮಿ.ಮೀ. ದಪ್ಪ, 10 ಮಿ.ಮೀ. ಅಗಲ. ಫೋಮ್ ಮುಚ್ಚಿದ ಕಣಗಳದ್ದಾಗಿರಲಿ. ಹಿಂಡಿದರೆ ನೀರು ಬರುವ ಹಾಸಿಗೆಯ ಸ್ಪಂಜು ತಂದು ಅಂಟಿಸಿದರೆ ಸ್ಪೀಕರಿನ ಕೊರಳಿಗೆ ಒದ್ದೆ ಬಟ್ಟೆ ಸುತ್ತಿದ ಹಾಗೆ. ಟೇಪಿನ ಎರಡು ತುದಿ ಸೇರುವ ಜಾಗವನ್ನು ಮೇಲೆ ಇಡದೆ ಕೆಳಗೆ ಇಡಿ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನವಾಗಲಿ. ಹೊಸದಾಗಿ ತೂತು ಕೊರೆದಿದ್ದರೆ ಅದರ ಅಂಚಿಗೆ ಪ್ರೈಮರ್ ಮುಟ್ಟಿಸಿ.

ಗೊರಬಿಗೆ ಸುಲಭ ದಾರಿ, 6.5 ಇಂಚಿನ ಸ್ಪೀಕರ್‌ಗೆಂದು ಸಿಗುವ ಫೋಮ್ ಬ್ಯಾಫಲ್, ಅಂದರೆ ಸ್ಪೀಕರಿನ ಬೆನ್ನಿಗೆ ಹೊದಿಸುವ ಬಟ್ಟಲು. ಅದನ್ನು ಇದ್ದ ಹಾಗೆ ಹಾಕಬೇಡಿ. ಕೆಳಗಿನ ಸುಮಾರು ಅರ್ಧ ಭಾಗವನ್ನು ಕತ್ತರಿಸಿ ಬಿಸಾಡಿ, ಮೇಲಿನರ್ಧ ಸ್ಪೀಕರಿನ ನೆತ್ತಿಯ ಮೇಲೆ ಉಳಿಯಲಿ. ಬಟ್ಟಲು ಪೂರ್ತಿ ಇದ್ದರೆ ಒಂದು ದಿನ ಅದೇ ನೀರಿನ ತೊಟ್ಟಿಯಾಗಿ, ಅಯಸ್ಕಾಂತ ಅದರಲ್ಲಿ ಮುಳುಗಿ ಕೂತಿರುತ್ತದೆ. ಬ್ಯಾಫಲ್ ಸಿಗದಿದ್ದರೆ ಮನೆಯಲ್ಲೇ ಮಾಡಬಹುದು. ಬಾಗುವಂಥ 1 ಮಿ.ಮೀ. ಪ್ಲಾಸ್ಟಿಕ್ ಹಾಳೆಯಿಂದ 270 ಮಿ.ಮೀ. ಉದ್ದ, 70 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ. 145 ಮಿ.ಮೀ. ವ್ಯಾಸದ ತೂತಿನ ಅರ್ಧ ಸುತ್ತು ಸುಮಾರು 228 ಮಿ.ಮೀ.; ಉಳಿದದ್ದು ಎರಡು ಬದಿಗೆ ಇಳಿಯಲು. ಅದನ್ನು ಕಮಾನಿನಂತೆ ಬಗ್ಗಿಸಿ, ಬಳೆಯ ಹಿಂಬದಿಗೆ ಬ್ಯುಟೈಲಿನಿಂದ ಕೂರಿಸಿ, ಎರಡು ಪುಟ್ಟ ಸ್ಕ್ರೂ ಬಿಗಿಯಿರಿ. ಗಾಜಿನ ಕಡೆಯ ತುದಿ ಒಂದಿಷ್ಟು ಕೆಳಕ್ಕೆ ಬಾಗಿರಲಿ, ಇಲ್ಲದಿದ್ದರೆ ನೀರು ಹಿಂದಕ್ಕೆ ಸ್ಪೀಕರ್ ಕಡೆಗೇ ಹರಿಯುತ್ತದೆ. ಸ್ಕ್ರೂ ಬಿಗಿಯುವ ಮುನ್ನ ಗಾಜನ್ನು ಪೂರ್ತಿ ಇಳಿಸಿ ನೋಡಿ. ಗೊರಬಿನ ತುದಿಗೂ ಗಾಜಿಗೂ ನಡುವೆ 8ರಿಂದ 10 ಮಿ.ಮೀ. ಬಿಡುವು ಬೇಕು. ಜಾಗ ಸಾಲದಿದ್ದರೆ ಪಟ್ಟಿಯ ಅಗಲ ಕಡಿಮೆ ಮಾಡಿ. ಅಯಸ್ಕಾಂತದ ಹಿಂದೆ ನಡುವಿನಲ್ಲಿ ತೂತು ಇದ್ದರೆ ಅದು ಕಾಯಿಲ್ ಉಸಿರಾಡುವ ಜಾಗ. ಮುಚ್ಚಬೇಡಿ.

ವೈರಿನ ವಿಷಯದಲ್ಲಿ ಒಂದೇ ನಿಯಮ, ಅದನ್ನೇ ಹೆಚ್ಚಿನವರು ಮರೆಯುವುದು: ವೈರ್ ಟರ್ಮಿನಲ್‌ಗೆ ಕೆಳಗಿನಿಂದ ಏರಿ ಬರಬೇಕು. ಮೇಲಿನಿಂದ ನೇರ ಇಳಿದರೆ ವೈರಿನ ಮೈಮೇಲಿನ ಪ್ರತಿ ಹನಿಯೂ ಲಗ್‌ಗೆ ತಲುಪುತ್ತದೆ. ಟರ್ಮಿನಲ್ ಮಟ್ಟಕ್ಕಿಂತ ನಾಲ್ಕೈದು ಸೆಂ.ಮೀ. ಕೆಳಕ್ಕೆ ಜೋಲಿಬಿಟ್ಟು ಮೇಲೆತ್ತಿದರೆ ಹನಿ ಜೋಲಿಯ ತಳದಿಂದಲೇ ಬಿದ್ದುಹೋಗುತ್ತದೆ. ಸ್ಪೀಕರನ್ನು ತಿರುಗಿಸಿ ಕೂರಿಸುವಾಗ ಟರ್ಮಿನಲ್ ಪಕ್ಕಕ್ಕೆ ಬರಲಿ, ಚಾಸಿಯಿಂದ ಇಳಿದ ನೀರು ಸೇರುವ ತಳದಲ್ಲಿ ಬೇಡ. ತವರ ಲೇಪಿಸಿದ ತಾಮ್ರದ 1.5 ಚದರ ಮಿ.ಮೀ. ವೈರ್, ಒತ್ತಿ ಕೂರಿಸಿದ ಲಗ್, ಅದರ ಮೇಲೆ ಒಳಮೈಗೆ ಅಂಟು ಬಳಿದಿರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ, ಲಗ್ ಮೇಲೆ ತೆಳುವಾಗಿ ಡೈಎಲೆಕ್ಟ್ರಿಕ್ (ವಿದ್ಯುತ್ ಹರಿಸದ) ಗ್ರೀಸ್. ಬಟ್ಟೆಯ ಇನ್ಸುಲೇಷನ್ ಟೇಪ್ ಸುತ್ತಬೇಡಿ, ತೇವ ಹಿಡಿದಿಡುವುದರಲ್ಲಿ ಅದು ನಿಪುಣ. ಟ್ವೀಟರ್ (ಕೀಚು ಸ್ವರದ ಪುಟ್ಟ ಸ್ಪೀಕರ್) ಬೇರೆಯಾಗಿರುವ ಸೆಟ್ ಆದರೆ, ಸ್ವರಗಳನ್ನು ಎರಡಕ್ಕೂ ಹಂಚುವ ಕ್ರಾಸ್‌ಓವರ್ ಡಬ್ಬಿ ಹಾಳೆಯ ಒಣಗಡೆ ಇರಲಿ.

ಮರೈನ್ ಸ್ಪೀಕರ್ ಕೆಟ್ಟದ್ದಲ್ಲ, ಆದರೆ ನಿಮ್ಮ ದುಡ್ಡಿಗೆ ಅದು ಮೊದಲ ಖರ್ಚಲ್ಲ. ಅದನ್ನು ಮಾಡುವುದು ದೋಣಿಯ ಮೇಲೆ ಬಿಸಿಲಿಗೂ ಎರಚಲಿಗೂ ಮುಖ ಕೊಟ್ಟು ಕೂರಲೆಂದು. ಎಷ್ಟೋ ಮಾದರಿಗಳ ಐಪಿ ರೇಟಿಂಗ್ (ನೀರು, ಧೂಳು ತಡೆಯುವ ಮಟ್ಟ) ಮುಂಬದಿಗೆ ಮಾತ್ರ ಅನ್ವಯ. ಕಾರಿನ ಬಾಗಿಲಲ್ಲಿ ನೆನೆಯುವುದು ಬೆನ್ನು. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಕೋನ್, ರಬ್ಬರ್ ಸರೌಂಡ್ (ಕೋನಿನ ಸುತ್ತಲ ಮೆತ್ತನೆಯ ಅಂಚು) ಇರುವ ಸಾಧಾರಣ ಸ್ಪೀಕರ್ ಗೊರಬಿನಡಿ ಚೆನ್ನಾಗಿ ಬಾಳುತ್ತದೆ. ಕಾಗದದ ಕೋನ್, ಫೋಮ್ ಸರೌಂಡ್ ಇರುವವನ್ನು ನಿಮ್ಮ ಊರಿನ ಹವೆಗೆ ಕೊಳ್ಳಬೇಡಿ. ಕಾಗದಕ್ಕೆ ವಾರ್ನಿಶ್ ಬಳಿದು ಉಳಿಸುವ ಉಪಾಯವೂ ಬೇಡ, ಕೋನ್ ಭಾರವಾಗಿ ಧ್ವನಿ ಮಂಕಾಗುತ್ತದೆ.

ಬಾಗಿಲು ಬಿಚ್ಚಿದ್ದೇ ಆಯಿತು, ತಗಡಿನ ಅದುರು ತಗ್ಗಿಸುವ ಡ್ಯಾಂಪಿಂಗ್ ಶೀಟನ್ನೂ ಅಂಟಿಸಿ ಎಂದು ಯಾರಾದರೂ ಹೇಳುತ್ತಾರೆ. ಅಂಟಿಸಬಹುದು, ಧ್ವನಿಗೆ ಒಳ್ಳೆಯದು. ಆದರೆ ಅದು ಬ್ಯುಟೈಲ್ ಇರಲಿ, ಚಾವಣಿಗೆ ಹಾಕುವ ಡಾಂಬರಿನ ಶೀಟ್ ಬೇಡ. ಬಿಸಿಲಲ್ಲಿ ನಿಂತ ಕಾರಿನ ಹೊರತಗಡು 60 ಡಿಗ್ರಿ ದಾಟುತ್ತದೆ. ಡಾಂಬರು ಮೆತ್ತಗಾಗಿ ಜಾರಿ ತಳದ ಸೀಳುಗಳ ಮೇಲೆ ಹೋಗಿ ಕೂರುತ್ತದೆ. ಯಾವ ಶೀಟಾದರೂ ತಳದಿಂದ 4 ಸೆಂ.ಮೀ. ಬಿಟ್ಟೇ ಅಂಟಿಸಿ.

ಎಡಗಡೆ ಕಾಲಿಡುವ ಜಾಗದ ಮ್ಯಾಟ್ ಒದ್ದೆಯಾಗುತ್ತಿದೆಯೇ? ಬಾಗಿಲ ಹಾಳೆಯನ್ನೇ ದೂರುವ ಮೊದಲು, ಅದು ಎಸಿ ಹಾಕಿದ ದಿನ ಮಾತ್ರವೇ ಎಂದು ಗಮನಿಸಿ. ನಮ್ಮ ಬಲಗೈ ಚಾಲನೆಯ ಬಹುತೇಕ ಕಾರುಗಳಲ್ಲಿ ಎಸಿಯ ಕೂಲಿಂಗ್ ಕಾಯಿಲ್ ಡ್ಯಾಶ್‌ಬೋರ್ಡಿನ ಎಡಗಡೆ ಇರುತ್ತದೆ. ಅದರ ನೀರು ಹೊರಗೆ ಬಿಡುವ ಕೊಳವೆ ಕಟ್ಟಿದರೂ ಅದೇ ಜಾಗ ನೆನೆಯುತ್ತದೆ. ಮಳೆ ಬಂದ ದಿನ ನೆನೆದರೆ ಬಾಗಿಲು; ಬಿಸಿಲ ದಿನವೂ ನೆನೆದರೆ ಎಸಿ.

ಕಾರು ತೊಳೆಯುವಲ್ಲಿ ಪ್ರೆಷರ್ ಗನ್ನನ್ನು ಬೀಡಿಂಗಿಗೆ ಹತ್ತಿರದಿಂದ, ಕೆಳಗಿನಿಂದ ಮೇಲಕ್ಕೆ ಹಿಡಿಯಲು ಬಿಡಬೇಡಿ. ರಬ್ಬರಿನ ತುಟಿ ತೆರೆದು ನೀರು ರಭಸದಿಂದ ಒಳಗೆ ನುಗ್ಗುತ್ತದೆ. ಅರ್ಧ ಮೀಟರಾದರೂ ದೂರದಿಂದ, ಮೇಲಿನಿಂದ ಕೆಳಕ್ಕೆ ಹೊಡೆಯಲಿ. ಎಂದಾದರೂ ಗಾಜು ಇಳಿಸಿಟ್ಟು ಮರೆತು ಸ್ಪೀಕರ್ ನೆನೆದರೆ, ಹಾಡು ಹಾಕಿ ನೋಡುವ ಆತುರ ಬೇಡ. ಬಿಚ್ಚಿ, ನೆರಳಿನಲ್ಲಿ ಫ್ಯಾನ್ ಎದುರು ಎರಡು ದಿನ ಇಡಿ. ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಕಾಳು, ಧೂಳು ಒಳಗೆ ಸೇರುವುದಷ್ಟೇ ಲಾಭ.

ಬಲಬಾಗಿಲನ್ನು ಸದ್ಯ ಮುಟ್ಟಬೇಡಿ. ತಳದ ಸೀಳುಗಳಲ್ಲಿ ಕೇಬಲ್ ಟೈ ಆಡಿಸಿದರೆ ಸಾಕು. ಅದರ ಮೋಟಾರ್ ಹೋಗಿ ಗ್ಯಾರೇಜಿಗೆ ಬಿಡುವ ದಿನ, ಉಳಿದ ಬ್ಯುಟೈಲ್ ಸುರುಳಿಯನ್ನು ನೀವೇ ಒಯ್ದು ಮೆಕ್ಯಾನಿಕ್ ಕೈಗೆ ಕೊಡಿ, ಟ್ರಿಮ್ ಕೂರಿಸುವ ಮುನ್ನ ಹಾಳೆಯನ್ನೊಮ್ಮೆ ತೋರಿಸಿ ಎಂದು ಹೇಳಿ.